ನೀರು ಹಾಡುವ ಕೋಣೆ

ಕನಜಾವಾ
ಸೆಪ್ಟೆಂಬರ್ 14, 1998

ಅಕ್ಕಾ,

ಮನೆಯ ಕೆಲಸ ಮುಗಿಯಿತು. ಇಷ್ಟು ದಿನ ಬಡಗಿಗಳ ಸುತ್ತಿಗೆ ಸದ್ದಿನ ನಡುವೆ ಅನ್ನ ಬೇಯಿಸಿದವಳಿಗೆ ಈ ಮೌನವನ್ನು ನಂಬಲಾಗುತ್ತಿಲ್ಲ. ಫೋನು ಮಾಡಿಯೇ ಹೇಳಬಹುದಿತ್ತು. ಆದರೆ ಫೋನು ಇರುವುದು ಅತ್ತೆಯ ಕೋಣೆಯ ಬಾಗಿಲಲ್ಲಿ. ಅವರ ಬಗ್ಗೆ ನಾನು ಒಂದು ಮಾತು ಆಡಿದರೂ ಒಳಗಿನಿಂದ ಕೆಮ್ಮು ಕೇಳಿಸುತ್ತದೆ. ಹಾಗಾಗಿ ಹೊಟ್ಟೆಯಲ್ಲಿರುವುದನ್ನೆಲ್ಲ ಕಾಗದಕ್ಕೇ ಹೇಳಿಕೊಳ್ಳಬೇಕು.

ಹಳೆಯದರಲ್ಲಿ ಉಳಿಸಬಹುದಾದದ್ದನ್ನೆಲ್ಲ ಉಳಿಸಿದ್ದೇನೆ. ಹೊಗೆ ಕುಡಿದು ಕಪ್ಪಾದ ತೊಲೆಗಳು ಹಾಗೇ ಇವೆ. ಮಣ್ಣಿನ ಗೋಡೆಗಳೂ ಇವೆ, ಅವುಗಳ ಬೆನ್ನಿಗೆ ಚಳಿ ತಡೆಯುವ ದಪ್ಪ ಪದರ ಕೂರಿಸಿದ್ದೇನೆ. ಕಾಗದದ ಸರಿಸುವ ಬಾಗಿಲುಗಳ ಆಚೆಗೆ ಜೋಡಿ ಗಾಜಿನ ಕಿಟಕಿ. ಅಡುಗೆಮನೆ ಪೂರ್ತಿ ಉಕ್ಕಿನದು, ಅದರ ಎದುರಿಗೆ ಅಜ್ಜನ ಕಾಲದ ಮರದ ಬೀರು. ಇನ್ನು ಮೇಲೆ ಒಂದು ಎಳೆ ಗಾಳಿಯೂ ಹೇಳದೆ ಕೇಳದೆ ಈ ಮನೆಯೊಳಗೆ ಬರುವಂತಿಲ್ಲ. ಹಳೆಯ ಗಾಳಿಯನ್ನು ಹೊರಗೆ ತಳ್ಳಿ ಹೊಸದನ್ನು ಎಳೆದುಕೊಳ್ಳಲು ಅಟ್ಟದಲ್ಲಿ ಒಂದು ಫ್ಯಾನು ಹಗಲೂ ರಾತ್ರಿ ತಿರುಗುತ್ತದೆ. ಇಷ್ಟು ವರ್ಷ ಬೇರೆಯವರ ಮನೆಗಳನ್ನು ಅಲಂಕರಿಸಿದೆ. ಇದು ನನ್ನದು. ಪತ್ರಿಕೆಯವರೂ ಬಂದು ಫೋಟೋ ತೆಗೆದುಕೊಂಡು ಹೋದರು.

ಮನೆಯ ನಡುವೆ, ಅತ್ತೆ ಶಿಷ್ಯೆಯರಿಗೆ ಚಹಾ ವಿಧಿ ಕಲಿಸುವ ಚಹಾ ಕೋಣೆ. ಭಾವ ಮಾಡಿಕೊಟ್ಟ ದಪ್ಪ ಹುಲ್ಲಿನ ತತಾಮಿ ಚಾಪೆಗಳು ಬಂದು ಕೂತಿವೆ. ಅಂಚುಪಟ್ಟಿ ಇಲ್ಲದ ಚೌಕ ಚಾಪೆಗಳು, ಸಾಲಿಗೆ ಮೂರು, ಮೂರು ಸಾಲು. ಬೆಳಕು ಬಿದ್ದಾಗ ಒಂದು ತಿಳಿ ಹಸಿರು, ಪಕ್ಕದ್ದು ಕಡು ಹಸಿರು ಕಾಣುತ್ತದೆ. ಫೋಟೋ ಇಟ್ಟಿದ್ದೇನೆ, ಭಾವನಿಗೆ ತೋರಿಸು.

ಅತ್ತೆ ಎಲ್ಲ ಕೋಣೆಗಳನ್ನೂ ಒಂದು ಸುತ್ತು ನೋಡಿದರು. ನಾನು ಪರೀಕ್ಷೆ ಬರೆದ ಹುಡುಗಿಯ ಹಾಗೆ ಹಿಂದೆ ಹಿಂದೆ ಹೋದೆ. ಕೊನೆಗೆ, "ಮನೆ ಚೆನ್ನಾಗಿದೆ. ಯಾರದು?" ಎಂದರು. ನನ್ನ ಗಂಡ ಶುಹೇ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ. ಆಮೇಲೆ ಅವರು ಮಗನಿಗೆ ಹೇಳಿದ್ದನ್ನು ನಾನೇ ಕೇಳಿಸಿಕೊಂಡೆ: "ನವೆಂಬರಲ್ಲಿ ಚಹಾ ಕೋಣೇಲಿ ಚಳಿಗಾಲದ ನೆಲದ ಒಲೆ ತೆರೀತೀನಲ್ಲ, ಅಲ್ಲೀವರೆಗೂ ನೋಡ್ತೀನಿ ಕಣೋ. ಒಗ್ಗಲಿಲ್ಲ ಅಂದ್ರೆ ತ್ಸುರುಗಾಕ್ಕೆ, ನನ್ನ ತಮ್ಮನ ಮನೇಗೆ ಹೋಗ್ತೀನಿ. ನಿನ್ನ ಹೆಂಡ್ತಿ ಫೋಟೋ ತೆಗೆಸ್ಕೊಂಡು ಇರ್ಲಿ."

ಅವರು ಹೋದರೆ ಬೀದಿಯವರು ಏನು ಹೇಳುತ್ತಾರೆಂದು ನನಗೆ ಗೊತ್ತು. ಸೊಸೆ ಮನೆ ಕಟ್ಟಿಸಿ ಅತ್ತೆಯನ್ನು ಆಚೆ ಹಾಕಿದಳು ಎಂದು. ಅದಕ್ಕಿಂತಲೂ, ಅಕ್ಕಾ, ನಿನ್ನೊಬ್ಬಳಿಗೆ ಹೇಳುತ್ತೇನೆ, ನನಗೆ ಅವರು ಬೇಕು. ಅಮ್ಮ ಹೋದಾಗ ನೀನಾದರೂ ದೊಡ್ಡವಳಿದ್ದೆ. ಈ ಮುದುಕಿ ಒಂದು ಸಲ ಇದನ್ನು "ನಮ್ಮ ಮನೆ" ಎಂದರೆ ನನಗೆ ಸಾಕು.

ನಿನ್ನ
ಸಾಯೊ


ನನಾವೊ
ಸೆಪ್ಟೆಂಬರ್ 22

ಸಾಯೊ,

ಫೋಟೋ ಬಂತು. ಊಟಕ್ಕೆ ಕೂತಿದ್ದ ನಿನ್ನ ಭಾವ ಅದನ್ನು ನೋಡಿ ಚಾಪ್‌ಸ್ಟಿಕ್ ಕೆಳಗಿಟ್ಟರು. ಆಮೇಲೆ ಊಟ ಮಾಡಲಿಲ್ಲ. ಸುಟ್ಟ ಮೀನು ತಣ್ಣಗಾಯಿತು.

ಚೌಕದ ಚಾಪೆ ಬೇಕು ಎಂದು ನೀನು ಬರೆದಿದ್ದೆ, ಅವರು ಮಾಡಿಕೊಟ್ಟರು. ಅದನ್ನು ಮೇಲಿನ ಮಲಗುವ ಕೋಣೆಗೆ ಹಾಕುತ್ತೀಯ ಎಂದುಕೊಂಡಿದ್ದರು. ಚಹಾ ಕೋಣೆಗೆ ಎಂದು ಹೇಳಲಿಲ್ಲವಲ್ಲ ನೀನು. "ನಾಕು ಮೂಲೆ ಒಂದೇ ಕಡೆ ಕೂಡ್ಬಾರ್ದು ಕಣೆ. ಹೆಣ ಮಲಗಿಸಿರೋ ಮನೇಲಿ ಚಾಪೆ ಹಾಗೆ ತಿರುಗಿಸಿ ಹಾಸ್ತಾರೆ. ಅವಳು ಅತ್ತೇನ ಅದರ ಮೇಲೆ ಕೂರಿಸಿದಾಳೆ," ಎಂದರು. ನಮ್ಮ ಅಮ್ಮನಿಗೆ ಹಾಗೆ ಹಾಸಿದ್ದು ನಿನಗೆ ನೆನಪಿಲ್ಲ, ನೀನು ಆಗ ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಕೈ ಹಾಕಿ ಕೂತಿದ್ದೆ.

ಪತ್ರಿಕೆಯವರು ಹೊಗಳುತ್ತಾರೆ, ಹೊಗಳಲಿ. ಅವರು ಫೋಟೋ ತೆಗೆದು ರೈಲು ಹತ್ತುತ್ತಾರೆ. ಅಲ್ಲಿ ಕೂರಬೇಕಾದವರು ನೀವು. ಚಾಪೆ ಬದಲಾಯಿಸು. ಭಾವ ಪುಕ್ಕಟೆ ಮಾಡಿಕೊಡುತ್ತಾರೆ, ಅಷ್ಟು ನಾಚಿಕೆಯಾಗಿದೆ ಅವರಿಗೆ.

ಮಂಡಿನೋವು ಹಾಗೇ ಇದೆ. ಇಲ್ಲವಾಗಿದ್ದರೆ ನಾನೇ ಬಂದು ನಿನ್ನ ಕಿವಿ ಹಿಂಡುತ್ತಿದ್ದೆ.

ಕಿನುಯೆ


ಕನಜಾವಾ
ಅಕ್ಟೋಬರ್ 5

ಅಕ್ಕಾ,

ಟೋಕಿಯೋದಲ್ಲಿ ಅರ್ಧಕ್ಕರ್ಧ ಹೊಸ ಮನೆಗಳಲ್ಲಿ ಚಾಪೆಯನ್ನು ಹೀಗೇ ಹಾಸುತ್ತಾರೆ. ಅವರೆಲ್ಲ ಹೆಣಗಳ ಜೊತೆ ಇದ್ದಾರೆಯೇ? ಭಾವನ ಮೇಲೆ ನನಗೆ ಗೌರವವಿದೆ, ಆದರೆ ನಾನು ಬದಲಾಯಿಸುವುದಿಲ್ಲ. ಈ ವಿಷಯ ಇಲ್ಲಿಗೆ ಬಿಡು.

ಒಳ್ಳೆಯ ಸುದ್ದಿ ಕೇಳು. ಅತ್ತೆ ನನ್ನಿಂದ ಒಂದು ಉಡುಗೊರೆ ತೆಗೆದುಕೊಂಡರು.

ಅವರು ಹೊಸ ಕೋಣೆಯಲ್ಲಿ ಶಿಷ್ಯೆಯರಿಗೆ ಪಾಠ ಶುರು ಮಾಡಿದ್ದಾರೆ. ಮೊದಲ ದಿನವೇ ಮುಖ ಗಂಟಿಕ್ಕಿಕೊಂಡು ಹೊರಗೆ ಬಂದರು. "ನಿನ್ನ ಅಟ್ಟದಲ್ಲಿ ಯಾವುದೋ ದುಂಬಿ ಗುಂಯ್‌ಗುಡ್ತಿದೆ. ಕೆಟಲ್ ನೀರು ಹಾಡೋದು ಕೇಳಿಸ್ತಿಲ್ಲ," ಎಂದರು. ನಿನಗೆ ಅವರ ಈ ಹುಚ್ಚು ಗೊತ್ತಿಲ್ಲ. ಕೆಂಡದ ಮೇಲೆ ಕಬ್ಬಿಣದ ಕೆಟಲ್ ಇಟ್ಟು, ನೀರು ಕಾದು ಪೈನ್ ಮರಗಳಲ್ಲಿ ಗಾಳಿ ಬೀಸುವ ಹಾಗೆ ಸದ್ದು ಮಾಡುವುದನ್ನು ಕೇಳುತ್ತಾ ಅವರು ಮಾತಿಲ್ಲದೆ ಕೂರುತ್ತಾರೆ. ಅದು ಕೇಳದಿದ್ದರೆ ಅವರ ಪಾಲಿಗೆ ಚಹಾ ಬಿಸಿನೀರು ಅಷ್ಟೇ. ಗ್ಯಾಸ್ ಇಲ್ಲ, ವಿದ್ಯುತ್ ಒಲೆ ಇಲ್ಲ, ಇದ್ದಲೇ ಆಗಬೇಕು.

ದುಂಬಿ ಎಂದದ್ದು ನನ್ನ ಫ್ಯಾನನ್ನು. ನಾನು ವಿದ್ಯುತ್ ಕೆಲಸದವನನ್ನು ಕರೆಸಿ ಚಹಾ ಕೋಣೆಗೆಂದೇ ಬೇರೆ ಸ್ವಿಚ್ಚು ಹಾಕಿಸಿದೆ. ಪಾಠದ ಹೊತ್ತಿಗೆ ಒಂದು ಬೆರಳು ಒತ್ತಿದರೆ ಫ್ಯಾನು ನಿಲ್ಲುತ್ತದೆ, ಆ ಕೋಣೆಗೆ ಗಾಳಿ ಬರುವ ಕಿಂಡಿಯೂ ಮುಚ್ಚಿಕೊಳ್ಳುತ್ತದೆ. ಆ ಸ್ವಿಚ್ಚು ನಾನು ಬಟ್ಟಲು ತೊಳೆಯುವ ಹಿಂದಿನ ಕೋಣೆಯಲ್ಲಿದೆ, ಒತ್ತುವುದು ನನ್ನ ಕೆಲಸ.

ಆ ದಿನ ಪಾಠ ಮುಗಿದ ಮೇಲೆ ಅತ್ತೆ ಬಾಗಿಲು ಸರಿಸಿ, "ಇವತ್ತು ಕೇಳಿಸ್ತು," ಎಂದರು. ಅಷ್ಟೇ. ನಾನು ಬಟ್ಟಲು ಒರೆಸುತ್ತಾ ಅತ್ತುಬಿಟ್ಟೆ.

ಅವರ ಕೆನ್ನೆಗೆ ಈಗ ಎಳೆಯ ಹುಡುಗಿಯ ರಂಗು ಬಂದಿದೆ. ಸಂಜೆ ಸ್ವಲ್ಪ ತಲೆ ಭಾರ ಎನ್ನುತ್ತಾರೆ, ಬೇಗ ಮಲಗುತ್ತಾರೆ. ಹೊಸ ಮನೆಯ ಬೆಚ್ಚಗೆ ಒಗ್ಗುತ್ತಿದೆ ಎಂದುಕೊಂಡಿದ್ದೇನೆ.

ಸಾಯೊ


ನನಾವೊ
ಅಕ್ಟೋಬರ್ 12

ಸಾಯೊ,

ಫ್ಯಾನಿನ ವಿಷಯ ನನಗೆ ತಿಳಿಯದು. ಅತ್ತೆಗೆ ತಲೆ ಭಾರ ಎಂದು ಬರೆದಿದ್ದೀಯ, ಅದು ತಿಳಿಯುತ್ತದೆ. ಆ ಚಾಪೆಯ ಮೇಲೆ ಕೂರುವವರೆಗೆ ನಿನ್ನ ಅತ್ತೆ ಇತ್ಸು ಅಮ್ಮನಿಗೆ ತಲೆನೋವು ಎಂಬ ಮಾತನ್ನು ನಾನು ಕೇಳಿಲ್ಲ. ಗುಂಡುಕಲ್ಲಿನ ಹಾಗಿದ್ದ ಹೆಂಗಸು.

ಇಷ್ಟೇ ಹೇಳುತ್ತೇನೆ. ಈ ಸಲ ಒಣಮೀನು ಕಳಿಸುವುದಿಲ್ಲ, ಕೋಪವಿದೆ.

ಕಿನುಯೆ


ಕನಜಾವಾ
ಅಕ್ಟೋಬರ್ 21

ಅಕ್ಕಾ,

ಕೋಪ ಬಿಡು. ನನಗೆ ಭಯವಾಗಿದೆ.

ನಿನ್ನೆ ಪಾಠದ ನಡುವೆ ಅತ್ತೆಯ ಹಿರಿಯ ಶಿಷ್ಯೆ ತೊಕುದಾ ಅವರು ಬಟ್ಟಲು ಎತ್ತಲು ಹೋಗಿ ಹಾಗೇ ಪಕ್ಕಕ್ಕೆ ವಾಲಿದರು. ಸೊಂಟದ ಒಬಿ ಪಟ್ಟಿ ಬಿಗಿಯಾಗಿದ್ದಕ್ಕೆ ಹೀಗಾಯಿತು ಎಂದು ಉಳಿದವರು ನಗುತ್ತಲೇ ಅದನ್ನು ಸಡಿಲಿಸಿದರು. ಅಂಗಳಕ್ಕೆ ಎತ್ತಿ ತಂದೆವು. ಕೆಂಪೇರಿದ್ದ ಮುಖ ಸ್ವಲ್ಪ ಹೊತ್ತಿಗೆ ಸರಿಹೋಯಿತು, "ನನಗೇನಾಗಿತ್ತು?" ಎಂದು ಅವರೇ ಕೇಳಿದರು. ಅಲ್ಲಿದ್ದವರಲ್ಲಿ ಇನ್ನೊಬ್ಬಳು, ತನಗೂ ಆ ಕೋಣೆಗೆ ಹೋದರೆ ವಾಕರಿಕೆ ಬರುತ್ತದೆ, ಹೊರಗೆ ಬಂದ ಕೂಡಲೇ ಹೋಗುತ್ತದೆ ಎಂದು ಮೆಲ್ಲಗೆ ಹೇಳಿದಳು. ಇಷ್ಟು ದಿನ ಗುರುವಿನ ಎದುರು ಹೇಳಲು ಸಂಕೋಚವಂತೆ.

ಎಲ್ಲರೂ ಹೋದ ಮೇಲೆ ಅತ್ತೆ ಬರಿಗೋಣೆಯಲ್ಲಿ ನಿಂತು ನೆಲ ನೋಡಿದರು. ನಾಲ್ಕು ಮೂಲೆ ಕೂಡುವ ಕಡೆ ಕಾಲ್ಬೆರಳಿನಿಂದ ತೋರಿಸಿ, "ಸಾಯೊ, ಇದು ನಿನಗೆ ಗೊತ್ತಿತ್ತಾ?" ಎಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. "ಗೊತ್ತಿದ್ದೂ ಹಾಸಿದ್ಯಾ?"

ನನಗೆ ಸುಳ್ಳು ಹೇಳಲಾಗಲಿಲ್ಲ. ಹಾಸಿದ ಮೇಲೆ ಕಿನುಯೆ ಅಕ್ಕ ಬರೆದಿದ್ದಳು, ನಾನೇ ಬದಲಾಯಿಸಲಿಲ್ಲ ಎಂದೆ. ಅವರು ತಮ್ಮ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಇಂದು ಬೆಳಿಗ್ಗೆ ಅವರ ಪೆಟ್ಟಿಗೆ ಅಟ್ಟದಿಂದ ಕೆಳಗಿಳಿದಿದೆ.

ನನಗೆ ಈಗ ಯಾವುದನ್ನು ನಂಬಬೇಕು, ಯಾವುದನ್ನು ಬಿಡಬೇಕು ಗೊತ್ತಾಗುತ್ತಿಲ್ಲ. ಕೋಣೆಯೊಳಗೆ ಹೋದರೆ ತಲೆ ಸುತ್ತು, ಹೊರಗೆ ಬಂದರೆ ಸರಿ. ಇದಕ್ಕೆ ಬೇರೆ ಏನು ಕಾರಣ ಹೇಳಲಿ? ಭಾವನನ್ನು ಕಳಿಸು. ಆದಷ್ಟು ಬೇಗ ಕಳಿಸು.

ಸಾಯೊ


ನನಾವೊ
ಅಕ್ಟೋಬರ್ 23

ಸಾಯೊ,

ನಿನ್ನ ಕಾಗದ ಬಂದಾಗಿನಿಂದ ಭಾವ ಅಂಗಡಿ ಬಿಟ್ಟು ಏಳದೆ ಹೊಲಿಯುತ್ತಿದ್ದಾರೆ. ಉದ್ದ ಚಾಪೆ, ಕಪ್ಪು ಅಂಚು, ನಡುವೆ ಅರ್ಧ ಚಾಪೆ. ಸೋಮವಾರ ಗಾಡಿಯಲ್ಲಿ ಹೇರಿಕೊಂಡು ಬರುತ್ತಾರೆ. ಅಲ್ಲಿಯವರೆಗೆ ಆ ಕೋಣೆಗೆ ಯಾರನ್ನೂ ಬಿಡಬೇಡ.

ನಿನ್ನನ್ನು ಚುಚ್ಚಿ ಬರೆದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಚಿಕ್ಕವಳಿದ್ದಾಗ ನಿನಗೆ ಜ್ವರ ಬಂದರೂ ಹೀಗೇ ಬೈಯುತ್ತಿದ್ದೆನಲ್ಲ, ಭಯಕ್ಕೆ.

ಕಿನುಯೆ


ಕನಜಾವಾ
ನವೆಂಬರ್ 2

ಅಕ್ಕಾ,

ನೀನು ಹೇಳಿದ್ದೇ ನಿಜ. ನಾನು ಸೋತೆ, ಸೋತು ಇಷ್ಟು ಸಂತೋಷ ಯಾವತ್ತೂ ಆಗಿರಲಿಲ್ಲ.

ಭಾವ ನನ್ನ ಚೌಕಗಳನ್ನೆಲ್ಲ ಕಿತ್ತು ಅಂಗಳಕ್ಕೆ ಎಸೆದರು. ಕೆಲಸ ನಡೆದಷ್ಟೂ ದಿನ ಬಾಗಿಲು ಕಿಟಕಿ ಹಾರುಹೊಡೆದಿದ್ದವು, ಮನೆಯೆಲ್ಲ ಹೊಸ ಹುಲ್ಲಿನ ವಾಸನೆ. ಒಲೆ ತೆರೆಯುವ ದಿನದವರೆಗೆ ಪಾಠಕ್ಕೆ ರಜೆ, ಇದ್ದಲು ಹಚ್ಚಿಲ್ಲ. ಅತ್ತೆ ಪಕ್ಕದಲ್ಲೇ ಕೂತು ಭಾವನಿಗೆ ಕೆಲಸ ಹೇಳುತ್ತಿದ್ದರು. ಎರಡನೆಯ ದಿನಕ್ಕೇ ಅವರ ತಲೆನೋವು ಹೋಯಿತು! ಮೂರನೆಯ ದಿನ ಎರಡು ಬಟ್ಟಲು ಅನ್ನ ಹೆಚ್ಚು ಉಂಡರು. ಚಾಪೆ ಬದಲಾದ ಮೇಲೆ ಆ ಕೋಣೆಯಲ್ಲಿ ಯಾರಿಗೂ ಏನೂ ಆಗಿಲ್ಲ. ಇನ್ನು ನಾನು ಅಂಥ ಮಾತುಗಳನ್ನು ಕೇಳಿ ನಗುವುದಿಲ್ಲ.

ಪೆಟ್ಟಿಗೆ ಇನ್ನೂ ಅವರ ಬಾಗಿಲ ಬಳಿಯೇ ಇದೆ, ಆದರೆ ಅದರ ಮೇಲೆ ಹೂದಾನಿ ಇಟ್ಟಿದ್ದಾರೆ.

ಒಂದು ಕೆಲಸ ಉಳಿದಿದೆ. ನೆಲದ ಒಲೆಗೆಂದು ಒಂದು ಮೂಲೆ ಕತ್ತರಿಸಿದ ಚಾಪೆಗೆ ಭಾವ ಅಳತೆ ತೆಗೆದುಕೊಂಡು ಹೋಗಿದ್ದಾರೆ. ಹನ್ನೊಂದನೆಯ ತಾರೀಕು ಬಂದು ಕೂರಿಸುತ್ತಾರೆ. ಹದಿನೈದಕ್ಕೆ, ಭಾನುವಾರ, ಒಲೆ ತೆರೆಯುವ ದಿನ ಶಿಷ್ಯೆಯರ ಜೊತೆ ಅವರೂ ಅತಿಥಿ. ಮುಖ್ಯ ಅತಿಥಿಯ ಜಾಗ ನಿನ್ನ ಗಂಡನಿಗೆ! ಅತ್ತೆಯೇ ಹೇಳಿದ್ದು. "ಕೋಣೆಗೆ ಜೀವ ಕೊಟ್ಟವರು ಮೊದಲು ಕೂರ್ಬೇಕು," ಎಂದರು. ಭಾವ ಕಿವಿಯವರೆಗೆ ಕೆಂಪಾದರು.

ಬಾಗಿಲ ಕೆಳಗಿಂದ ಸಣ್ಣಗೆ ಗಾಳಿ ಬಂದು ಒಲೆಯ ಬೂದಿ ಕದಡೀತು ಎಂದು ಅತ್ತೆ ಹೇಳಿದ್ದರು. ಅದಕ್ಕೂ ರಬ್ಬರು ಪಟ್ಟಿ ಹೊಡೆಸಿದೆ. ಈಗ ಬಾಗಿಲು ಹಾಕಿದರೆ ಒಂದು ಎಳೆ ಗಾಳಿಯೂ ಒಳಗೆ ನುಸುಳುವುದಿಲ್ಲ. ನೆಲದ ಒಲೆಗೆ ಇದ್ದಲು ಹೆಚ್ಚು ಹಿಡಿಯುತ್ತದಲ್ಲ, ನೀರಿನ ಹಾಡೂ ದೊಡ್ಡದಾಗಿರುತ್ತದಂತೆ.

ನಿನ್ನ ಸೋತ ತಂಗಿ
ಸಾಯೊ


ನನಾವೊ
ನವೆಂಬರ್ 12, ಬೆಳಿಗ್ಗೆ
ತುರ್ತು ಅಂಚೆ

ಸಾಯೊ,

ಇದನ್ನು ಓದಿದ ಕೂಡಲೇ ಕೂತಲ್ಲಿಂದ ಎದ್ದು ಹೋಗಿ ಆ ಫ್ಯಾನು ಹಾಕು. ಉಳಿದದ್ದು ಆಮೇಲೆ ಓದು.

ನಿನ್ನೆ ಭಾವ ನಿಮ್ಮಲ್ಲಿಗೆ ಹೊರಟ ಮೇಲೆ ಇಲ್ಲಿ ಸಮುದ್ರದ ಗಾಳಿ ಎದ್ದಿತು. ಅಂಗಡಿಯ ಹಲಗೆ ಬಾಗಿಲುಗಳನ್ನೆಲ್ಲ ಎಳೆದು, ಸಂದಿಗೆ ಬಟ್ಟೆ ತುರುಕಿ, ಮಂಡಿ ಕಾಯಿಸಿಕೊಳ್ಳಲು ಕೆಂಡದ ಬಾನಿ ಪಕ್ಕಕ್ಕಿಟ್ಟುಕೊಂಡು ಅಂಚುಪಟ್ಟಿ ಹೊಲಿಯುತ್ತಾ ಕೂತೆ. ಸ್ವಲ್ಪ ಹೊತ್ತಿಗೆ ತಲೆ ಭಾರವಾಯಿತು. ವಯಸ್ಸು ಎಂದುಕೊಂಡೆ. ಆಮೇಲೆ ಸೂಜಿಗೆ ದಾರ ಪೋಣಿಸಲಾಗಲಿಲ್ಲ, ವಾಕರಿಕೆ ಬಂತು, ಕಾಲು ನನ್ನದಲ್ಲ ಎನಿಸಿತು. ತೆವಳಿಕೊಂಡು ಹೋಗಿ ಬಾಗಿಲು ತೆಗೆದೆ. ಹೊರಗಿನ ಗಾಳಿ ಕುಡಿದ ಮೇಲೆ ಸರಿಹೋಯಿತು. ಒಳಗೆ ಹೋದರೆ ತಲೆ ಸುತ್ತು, ಹೊರಗೆ ಬಂದರೆ ಸರಿ. ನೀನು ಬರೆದ ಮಾತೇ ಅಲ್ಲವೇ ಇದು? ನಾನು ಕೂತಿದ್ದ ಚಾಪೆ ಸರಿಯಾಗಿಯೇ ಹಾಸಿದೆ ಸಾಯೊ. ನಲವತ್ತು ವರ್ಷದಿಂದ ಹಾಗೇ ಇದೆ.

ರಾತ್ರಿಯೆಲ್ಲ ಹೊರಳಾಡಿ ಬೆಳಗಿನ ಜಾವ ಹೊಳೆಯಿತು: ಅದು ಚಾಪೆಯಲ್ಲ. ಕೆಂಡ. ಮುಚ್ಚಿದ ಕೋಣೆಯಲ್ಲಿ ಕೆಂಡ ಗಾಳಿಯನ್ನು ವಿಷ ಮಾಡುತ್ತದೆ, ಅದಕ್ಕೆ ವಾಸನೆಯಿಲ್ಲ, ಹೊಗೆಯಿಲ್ಲ. ನಮ್ಮ ಅಜ್ಜಿಯ ಕಾಲದ ಮನೆಗಳಲ್ಲಿ ಎಲ್ಲ ಕಡೆಯಿಂದ ಗಾಳಿ ನುಗ್ಗುತ್ತಿತ್ತು, ಬದುಕಿದರು. ನೀನು ಕಟ್ಟಿದ್ದು ಡಬ್ಬಿಯ ಹಾಗಿರುವ ಮನೆ. ಅದಕ್ಕೆ ಇದ್ದ ಒಂದೇ ಮೂಗನ್ನೂ ನೀರಿನ ಹಾಡು ಕೇಳಲೆಂದು ಮುಚ್ಚುತ್ತೀಯ. ಚಾಪೆ ಬದಲಿಸಿದ ಮೇಲೆ ಸರಿಹೋಯಿತೆಂದರೆ ಆಗ ನೀವು ಇದ್ದಲು ಹಚ್ಚಿರಲಿಲ್ಲ, ಬಾಗಿಲು ತೆರೆದಿತ್ತು. ನಾನೂ ಭಾವನೂ ನೆಲ ನೋಡುತ್ತಾ ನಿನ್ನನ್ನು ದಾರಿ ತಪ್ಪಿಸಿದೆವು.

ಬೆಳಿಗ್ಗೆಯಿಂದ ಫೋನು ಮಾಡುತ್ತಿದ್ದೇನೆ, ಎಂಗೇಜ್ ಸದ್ದೇ ಬರುತ್ತಿದೆ. ಅತ್ತೆ ಯಾರ ಜೊತೆ ಇಷ್ಟು ಹೊತ್ತು ಹರಟುತ್ತಿದ್ದಾರೋ. ಮತ್ತೆ ಮಾಡುತ್ತೇನೆ. ಒಲೆ ತೆರೆಯುವುದು ಭಾನುವಾರ ಎಂಬುದೇ ಸಮಾಧಾನ, ಈ ಕಾಗದ ನಾಳೆ ನಿನ್ನ ಕೈ ಸೇರುತ್ತದೆ. ಭಾವ ಇವತ್ತು ವಾಪಸು ಬಂದ ಕೂಡಲೇ ಅವರಿಗೂ ಹೇಳುತ್ತೇನೆ. ಭಾನುವಾರ ಕಿಟಕಿ ತೆರೆದಿಟ್ಟು ಒಲೆ ಹಚ್ಚಿ, ಹಾಡು ಕೇಳದಿದ್ದರೆ ಬೇಡ.

ಕಿನುಯೆ


ಕನಜಾವಾ
ನವೆಂಬರ್ 12, ಮಧ್ಯಾಹ್ನ

ಅಕ್ಕಾ,

ಈ ಕಾಗದವನ್ನು ಭಾವನ ಕೈಯಲ್ಲೇ ಕೊಟ್ಟು ಕಳಿಸುತ್ತೇನೆ. ಅವರು ಹೊರಗೆ ಬರುವವರೆಗೆ ನನಗೆ ಬೇರೆ ಕೆಲಸವಿಲ್ಲ, ಬಿಸಿಬಿಸಿಯಾಗಿ ಎಲ್ಲವನ್ನೂ ಬರೆದುಬಿಡುತ್ತೇನೆ.

ಒಲೆ ಇಂದೇ ತೆರೆಯಿತು! ನಿನ್ನೆ ರಾತ್ರಿ ಊಟಕ್ಕೆ ಕೂತಾಗ ಅತ್ತೆ ಪಂಚಾಂಗ ನೋಡಿ, ನಾಳೆಯೇ ಹಂದಿಯ ದಿನ, ಆ ದಿನ ಮೊದಲ ಕೆಂಡ ಇಟ್ಟರೆ ಮನೆಗೆ ಬೆಂಕಿಯ ಕಾಟ ಇರುವುದಿಲ್ಲ ಎಂದರು. "ಶಿಷ್ಯೆಯರಿಗೆ ಭಾನುವಾರ ಇರ್ಲಿ. ನಾಳೆ ನಮ್ಮವರಿಗೆ," ಎಂದು ಭಾವನ ಕಡೆ ತಿರುಗಿದರು. ಭಾವ ಕೆಲಸದ ಬಟ್ಟೆ ಬಿಟ್ಟರೆ ಬೇರೆ ತಂದಿಲ್ಲ ಎಂದು ಒದ್ದಾಡಿದರು. ಅತ್ತೆ, "ಬಟ್ಟೆಗಲ್ಲ ಚಹಾ ಕೊಡೋದು, ಬನ್ನಿ," ಎಂದು ಶುಹೇಯ ಕಿಮೊನೊ ತೆಗೆದುಕೊಟ್ಟರು. ತೋಳು ಗಿಡ್ಡವಾಗಿ ಭಾವ ಬೆಳೆದ ಹುಡುಗನ ಹಾಗೆ ಕಾಣುತ್ತಿದ್ದರು, ನೀನು ನೋಡಬೇಕಿತ್ತು.

ಶುಹೇ ಕೆಲಸಕ್ಕೆ ಹೋಗಿದ್ದಾನೆ. ಬೆಳಿಗ್ಗೆಯಿಂದ ಗುಡುಗು, ಮಳೆ. ಕಿಟಕಿಗಳೆಲ್ಲ ಭದ್ರವಾಗಿವೆ, ಒಳಗೆ ಒಂದು ಹನಿ ಸದ್ದಿಲ್ಲ. ಫೋನು ಕಿರುಚೀತೆಂದು ಬೆಳಿಗ್ಗೆಯೇ ರಿಸೀವರ್ ಎತ್ತಿ ಪಕ್ಕಕ್ಕಿಟ್ಟಿದ್ದೇನೆ. ಅತ್ತೆ ಒಳಗೆ ಹೋಗುವ ಮುಂಚೆ ಹೊಸ್ತಿಲಲ್ಲಿ ನಿಂತು ನನ್ನ ಕೈ ಹಿಡಿದರು. ಅವರು ಯಾವತ್ತೂ ನನ್ನ ಕೈ ಹಿಡಿದವರಲ್ಲ. "ಸಾಯೊ, ನಮ್ಮ ಮನೆ ಬೆಚ್ಚಗಿದೆ ಕಣೆ," ಎಂದರು.

ನಮ್ಮ ಮನೆ ಎಂದರು, ಅಕ್ಕಾ. ನಾನು ತಲೆ ಬಾಗಿಸಿದೆ. ಅವರು ಒಳಗೆ ಹೋಗಿ ಬಾಗಿಲು ಎಳೆದುಕೊಂಡರು, ನಾನು ಸ್ವಿಚ್ಚು ಒತ್ತಿದೆ. ಫ್ಯಾನು ನಿಂತಿತು.

ಆಮೇಲೆ ಇದ್ದಲು ಜೋಡಿಸುವ ಸದ್ದು ಕೇಳಿತು. ಭಾವ ಏನೋ ತಮಾಷೆ ಮಾಡಿದರು, ಅತ್ತೆ ನಕ್ಕರು. ಹಂದಿಮರಿಯ ಆಕಾರದಲ್ಲಿ ಅಕ್ಕಿಯ ಸಿಹಿ ಮೋಚಿ ಮಾಡಿಸಿದ್ದೆ, ತಟ್ಟೆ ಒಳಗೆ ಹೋಯಿತು. ಮಾತು ನಿಂತಿತು. ನೀರು ಹಾಡತೊಡಗಿತು. ಹಿಂದಿನ ಕೋಣೆಯಲ್ಲಿ ಕೂತ ನನಗೂ ಕೇಳುತ್ತಿತ್ತು, ಇಷ್ಟು ತುಂಬಿದ ಸದ್ದು ಈ ಮನೆಯಲ್ಲಿ ಹಿಂದೆ ಕೇಳಿಯೇ ಇರಲಿಲ್ಲ. ಇದಕ್ಕಾಗಿ ಅವರು ಅಷ್ಟು ಹಟ ಮಾಡಿದ್ದು ಎಂದು ನನಗೆ ಇವತ್ತು ಅರ್ಥವಾಯಿತು.

ಸ್ವಲ್ಪ ಹೊತ್ತಿನ ಮೇಲೆ ಬಟ್ಟಲು ಕೆಳಗಿಟ್ಟ ಸದ್ದು, ತುಸು ಜೋರಾಗಿಯೇ ಕೇಳಿತು. ಅತ್ತೆ ಯಾವತ್ತೂ ಬಟ್ಟಲನ್ನು ಹಾಗೆ ಇಡುವವರಲ್ಲ, ಭಾವನೇ ಇರಬೇಕು ಎಂದು ನನ್ನಷ್ಟಕ್ಕೆ ನಕ್ಕೆ. ಆಮೇಲೆ ದೀರ್ಘವಾಗಿ, ನಿಧಾನವಾಗಿ, ಯಾರೋ ಗೊರಕೆ ಹೊಡೆದ ಹಾಗೆ. ನಿನ್ನ ಗಂಡನ ಮರ್ಯಾದೆ ಕೇಳು! ಮುಖ್ಯ ಅತಿಥಿಯ ಜಾಗದಲ್ಲಿ ಕೂತು ನಿದ್ದೆ. ನೀನು ಒಂದು ವರ್ಷ ಇದನ್ನು ಹೇಳಿ ಅವರನ್ನು ಕಾಡಿಸಬೇಕು. ಈಗ ಗೊರಕೆಯೂ ನಿಂತಿದೆ, ಅತ್ತೆ ತಿವಿದು ಎಬ್ಬಿಸಿರಬೇಕು.

ತೊಳೆಯಲು ಬಟ್ಟಲುಗಳನ್ನು ಇಷ್ಟು ಹೊತ್ತಿಗೆ ಹೊರಗೆ ಕೊಡಬೇಕಿತ್ತು, ಕೊಟ್ಟಿಲ್ಲ. ಒಂದು ಸಲ ಬಾಗಿಲ ಬಳಿ ಹೋಗಿ ಮೆಲ್ಲಗೆ "ಅಮ್ಮಾ" ಎಂದೆ. ಉತ್ತರ ಬರಲಿಲ್ಲ. ನೀರು ಮಾತ್ರ ಹಾಡುತ್ತಿತ್ತು. ಹಾಗೇ ಹಿಂದಕ್ಕೆ ಬಂದು ಕೂತೆ. ಈ ಕೋಣೆಯಲ್ಲಿ ಅವರಿಗೆ ಇಷ್ಟು ನೆಮ್ಮದಿ ಸಿಕ್ಕಿರುವುದು ಇದೇ ಮೊದಲು, ಅದನ್ನು ನನ್ನ ಕೈಯಾರೆ ಕೆಡಿಸಲಾರೆ. ಅವರಾಗಿ ಕರೆಯುವವರೆಗೂ ಬಾಗಿಲು ತೆರೆಯುವುದಿಲ್ಲ.

ನಿನ್ನ
ಸಾಯೊ